ಅಡಿಗೆಯ ಮನೆಯಲ್ಲಿ ದೊರೆತ ಶಾಂತಿ
ಬ್ರದರ್ ಲಾರೆನ್ಸನ ಜೀವನಕಥೆ

ಡಿಸೆಂಬರ ತಿಂಗಳು ಬಂದಿತೆಂದರೆ ನಮ್ಮ ಹೋಟೆಲು ಬಂಧುಗಳಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಶಾಲೆಗಳಿಗೆ ರಜೆ, ಊರು ನೋಡಲು ಬಂದವರ ಗದ್ದಲ, ಬೀದಿಬೀದಿಗಳಲ್ಲಿ ದೀಪಗಳು, ನಕ್ಷತ್ರದ ಗೂಡುಗಳು. ಸಂಜೆಯಿಂದ ನಡುರಾತ್ರಿಯವರೆಗೆ ಮೇಜು ಖಾಲಿಯಾಗುವುದನ್ನೇ ಕಾಯುತ್ತ ಗಿರಾಕಿಗಳು ಬಾಗಿಲಲ್ಲಿ ನಿಂತಿರುತ್ತಾರೆ. ಒಲೆಯ ಮುಂದೆ ನಿಂತ ಅಡಿಗೆಯವನು ಒಂದು ಕೈಯಿಂದ ದೋಸೆ ಮಗುಚುತ್ತ ಇನ್ನೊಂದು ಕೈಯಿಂದ ಬೆವರೊರೆಸಿಕೊಳ್ಳುತ್ತಾನೆ. ಮಾಣಿಗಳು ಒಬ್ಬರ ಮೇಲೊಬ್ಬರು ಕೂಗಿ ಹೇಳುತ್ತಾರೆ. ಕಚೇರಿಗಳಲ್ಲಿ ಕೆಲಸ ಮಾಡುವ ನಮ್ಮ ಗುಮಾಸ್ತರ ಪಾಡೂ ಬೇರೆಯಲ್ಲ. ರಜೆ ಪಡೆದು ಹೋದವರ ಕೆಲಸವೆಲ್ಲ ಉಳಿದವರ ಮೇಜಿನ ಮೇಲೆ ಬಂದು ಬೀಳುತ್ತದೆ.

ಈ ಗಡಿಬಿಡಿಯ ದಿನಗಳಲ್ಲಿಯೇ ಕ್ರಿಸ್ತ ಜಯಂತಿಯು ಬರುತ್ತದೆ. ಮಂಗಳೂರು, ಉಡುಪಿ, ಕಾರವಾರಗಳ ಕಡೆಯಿಂದ ಬಂದು ಪರಸ್ಥಳದಲ್ಲಿ ದುಡಿಯುತ್ತಿರುವ ಕ್ರೈಸ್ತ ಬಂಧುಗಳಲ್ಲಿ ಅನೇಕರಿಗೆ 24ನೆಯ ತಾರೀಖಿನ ರಾತ್ರಿ ಇಗರ್ಜಿಗೆ ಹೋಗಲು ಬಿಡುವು ದೊರೆಯುವುದಿಲ್ಲ. ಊರಿನಲ್ಲಿ ತಾಯಿಯು ಕುಸ್ವಾರಿನ ತಟ್ಟೆಯನ್ನು ನೆರೆಮನೆಗಳಿಗೆ ಹಂಚುತ್ತಿರುವ ಹೊತ್ತಿಗೆ ಮಗನು ಇಲ್ಲಿ ಬೇರೆಯವರ ಎಂಜಲು ತಟ್ಟೆಗಳನ್ನು ಎತ್ತುತ್ತಿರುತ್ತಾನೆ. ಹಬ್ಬವೂ ದೇವರೂ ಬಿಡುವುಳ್ಳವರಿಗೆ ಮಾತ್ರವೇ ಎಂಬ ಪ್ರಶ್ನೆಯು ಆತನ ಮನಸ್ಸಿನಲ್ಲಿ ಏಳುವುದು ಸಹಜ. ಇದು ಕ್ರೈಸ್ತರೊಬ್ಬರದೇ ಪ್ರಶ್ನೆಯಲ್ಲ. ಗೌರಿ ಗಣೇಶನ ಹಬ್ಬದಲ್ಲಿ, ಶಿವರಾತ್ರಿಯಲ್ಲಿ, ರಂಜಾನಿನಲ್ಲಿ ಒಲೆಯ ಮುಂದೆ ನಿಂತವರೆಲ್ಲರೂ ಇದನ್ನು ಒಂದಲ್ಲ ಒಂದು ಸಲ ತಮ್ಮೊಳಗೇ ಕೇಳಿಕೊಂಡವರು.

ಕ್ರಿಸ್ತ ಜಯಂತಿಯ ಮೂಲ ಕಥೆಯನ್ನೇ ನಾವು ಸ್ವಲ್ಪ ನೆನೆಯೋಣ. ಜನಗಣತಿಗಾಗಿ ಪರಸ್ಥಳಕ್ಕೆ ಬಂದ ಬಡ ದಂಪತಿಗಳಿಗೆ ಛತ್ರದಲ್ಲಿ ಸ್ಥಳವಿರಲಿಲ್ಲ. ಕೂಸನ್ನು ದನಗಳಿಗೆ ಮೇವಿಕ್ಕುವ ಗೋದಲಿಯಲ್ಲಿ ಮಲಗಿಸಬೇಕಾಯಿತು. ಆ ಸುದ್ದಿಯು ಮೊದಲು ಮುಟ್ಟಿದ್ದು ರಾಜರಿಗಲ್ಲ, ಪುರೋಹಿತರಿಗಲ್ಲ. ಹೊಲದಲ್ಲಿ ರಾತ್ರಿಯ ಪಾಳಿಯಲ್ಲಿ ಕುರಿ ಕಾಯುತ್ತಿದ್ದ ಕುರುಬರಿಗೆ ಅದು ಮುಟ್ಟಿತೆಂದು ಲೂಕನು ಬರೆದ ಸುವಾರ್ತೆಯು ತಿಳಿಸುತ್ತದೆ. ಕೆಲಸದಲ್ಲಿದ್ದವರನ್ನು ಬಿಟ್ಟು ಈ ಹಬ್ಬವು ಹುಟ್ಟಲೇ ಇಲ್ಲ.

ಕೆಲಸದ ನಡುವೆಯೇ ಆ ಶಾಂತಿಯನ್ನು ಪಡೆದುಕೊಂಡ ಒಬ್ಬ ಅಡಿಗೆಯವನ ಜೀವನವನ್ನು ನಾವು ಇಂದು ವಾಚಕರ ಮುಂದೆ ಇಡುತ್ತಿದ್ದೇವೆ. ಆತನು ಬಾಳಿದ್ದು 17ನೆಯ ಶತಮಾನದ ಫ್ರಾನ್ಸಿನಲ್ಲಿ. ಜಗತ್ತು ಆತನನ್ನು ಬ್ರದರ್ ಲಾರೆನ್ಸ್ ಎಂದು ಬಲ್ಲುದು.

ಬೋಳು ಮರದ ದರ್ಶನ

ಆತನ ಹುಟ್ಟುಹೆಸರು ನಿಕೊಲಾ ಹೆರ್ಮಾನ್. ಸುಮಾರು 1614ರಲ್ಲಿ ಲೊರೇನ್ ಪ್ರಾಂತದ ಲ್ಯೂನೆವಿಲ್ ಪಟ್ಟಣದ ಹತ್ತಿರವಿರುವ ಎರಿಮೆನಿಲ್ ಎಂಬ ಹಳ್ಳಿಯಲ್ಲಿ ಆತನ ಜನನವಾಯಿತು. ಲೊರೇನ್ ಆಗ ಫ್ರಾನ್ಸಿಗೆ ಸೇರಿರಲಿಲ್ಲ. ಅದು ಡ್ಯೂಕನೊಬ್ಬನ ಆಳಿಕೆಗೆ ಒಳಪಟ್ಟ ಸಣ್ಣ ಸಂಸ್ಥಾನವಾಗಿದ್ದಿತು. ತಂದೆತಾಯಿಗಳು ದೈವಭಕ್ತರು, ಆದರೆ ಬಡವರು. ಮಗನಿಗೆ ಹೆಚ್ಚಿನ ಓದು ಬರಹಗಳನ್ನು ಕಲಿಸುವ ಅನುಕೂಲವು ಅವರಿಗಿರಲಿಲ್ಲ.

ಹದಿನೆಂಟನೆಯ ವಯಸ್ಸಿನಲ್ಲಿ ಆತನ ಬಾಳನ್ನು ತಿರುಗಿಸಿದ ಒಂದು ಸಂಗತಿಯು ನಡೆಯಿತು. ಅದೇನೂ ದೊಡ್ಡ ಪವಾಡವಲ್ಲ. ಚಳಿಗಾಲದ ಒಂದು ದಿನ ಆತನ ಕಣ್ಣು ಎಲೆಗಳೆಲ್ಲ ಉದುರಿ ಬೋಳಾಗಿ ನಿಂತ ಒಂದು ಮರದ ಮೇಲೆ ಬಿದ್ದಿತು. ಸ್ವಲ್ಪ ಕಾಲ ಕಳೆದರೆ ಈ ಕೊಂಬೆಗಳಲ್ಲಿಯೇ ಚಿಗುರು ಒಡೆಯುವುದು, ಆಮೇಲೆ ಹೂವು, ಆಮೇಲೆ ಹಣ್ಣು ಎಂಬ ವಿಚಾರವು ಮನಸ್ಸಿಗೆ ಹೊಳೆಯಿತು. ಸತ್ತಂತೆ ಕಾಣುವ ಮರಕ್ಕೆ ಜೀವವನ್ನು ಮರಳಿ ಕೊಡುವ ದೇವರ ಶಕ್ತಿಯೂ ಕರುಣೆಯೂ ಆ ಕ್ಷಣದಲ್ಲಿ ಆತನಿಗೆ ಕಣ್ಣಿಗೆ ಕಟ್ಟಿದಂತಾಯಿತು. ಆ ಅರಿವು ಮುಂದೆಂದೂ ಅಳಿಯಲಿಲ್ಲ. ನಾಲ್ವತ್ತು ವರ್ಷಗಳ ತರುವಾಯ ಮುದುಕನಾಗುತ್ತ ಬಂದಿದ್ದಾಗಲೂ, ಅಂದು ಹುಟ್ಟಿದ ಪ್ರೀತಿಯು ಆಮೇಲೆ ಹೆಚ್ಚಿದೆಯೋ ಇಲ್ಲವೋ ಹೇಳಲಾರೆನೆಂದು ಆತನು ತಿಳಿಸಿದನಂತೆ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳಬೇಕು. ಲೊರೇನಿನ ನೆರೆಯ ಅಲ್ಸಾಸ್ ಪ್ರಾಂತದ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಕ್ರಿಸ್ತ ಜಯಂತಿಗೆ ಮನೆಯೊಳಗೆ ಹಸಿರು ಮರವನ್ನು ನಿಲ್ಲಿಸಿ ಕಾಗದದ ಹೂಗಳಿಂದಲೂ ಸೇಬುಗಳಿಂದಲೂ ಸಿಂಗರಿಸುತ್ತಿದ್ದುದಕ್ಕೆ 1605ರಷ್ಟು ಹಿಂದಿನ ದಾಖಲೆಯಿದೆ. ಇಂದು ಅಂಗಡಿ ಅಂಗಡಿಗಳಲ್ಲಿ ಮಿನುಗುವ ಕ್ರಿಸ್ಮಸ್ ಮರದ ಪೂರ್ವಿಕ ಅದೇ. ಆದರೆ ನಿಕೊಲಾನಿಗೆ ದೇವರನ್ನು ತೋರಿಸಿದ್ದು ಸಿಂಗಾರದ ಮರವಲ್ಲ. ಏನೂ ಇಲ್ಲದೆ ಚಳಿಯಲ್ಲಿ ನಿಂತ ಬೋಳು ಮರ.

ಯುದ್ಧ, ಗಾಯ, ಊಳಿಗ

ದರ್ಶನವಾದೊಡನೆಯೇ ಆತನೇನೂ ಸಂನ್ಯಾಸಿಯಾಗಲಿಲ್ಲ. 1618ರಲ್ಲಿ ಆರಂಭವಾಗಿ 1648ರವರೆಗೆ ಮಧ್ಯ ಯೂರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧವು ಆಗ ಲೊರೇನನ್ನೂ ಮುಟ್ಟಿದ್ದಿತು. ಬಡ ಮನೆಗಳ ಅನೇಕ ತರುಣರಂತೆ ಆತನೂ ಸಿಪಾಯಿಯಾದನು. ಒಮ್ಮೆ ಜರ್ಮನ್ ದಂಡಿನವರು ಆತನನ್ನು ಹಿಡಿದು, ಗೂಢಚಾರನೆಂದು ಬಗೆದು, ಗಲ್ಲಿಗೇರಿಸುವೆವೆಂದು ಬೆದರಿಸಿದರು. ತಾನು ಅಂಥವನಲ್ಲವೆಂದೂ, ಮನಸ್ಸಿನಲ್ಲಿ ಯಾವ ಅಪರಾಧದ ಭಾರವೂ ಇಲ್ಲದ್ದರಿಂದ ಸಾವಿಗೆ ಅಂಜುವುದಿಲ್ಲವೆಂದೂ ಆತನು ನೆಮ್ಮದಿಯಿಂದ ಉತ್ತರ ಕೊಟ್ಟನು. ಆ ಧೈರ್ಯವನ್ನು ಕಂಡು ಅವರು ಆತನನ್ನು ಬಿಟ್ಟುಬಿಟ್ಟರು. 1635ರಲ್ಲಿ ಸ್ವೀಡನ್ನಿನ ಸೈನ್ಯವು ರಾಂಬೆರ್ವಿಲ್ಲೆ ಎಂಬ ಪಟ್ಟಣದ ಮೇಲೆ ಏರಿಬಂದಾಗ ಆತನ ಕಾಲಿಗೆ ದೊಡ್ಡ ಗಾಯವಾಯಿತು. ಹಳ್ಳಿಗೆ ಮರಳಿ ತಂದೆತಾಯಿಗಳ ಮನೆಯಲ್ಲಿ ಮಲಗಬೇಕಾಯಿತು. ಗಾಯವು ಮಾಯ್ದರೂ ಕಾಲು ಸರಿಹೋಗಲಿಲ್ಲ. ಬಾಳಿನುದ್ದಕ್ಕೂ ಆತನು ಕುಂಟುತ್ತಲೇ ನಡೆದನು.

ಈ ಯುದ್ಧಕ್ಕೂ ಕ್ರಿಸ್ತ ಜಯಂತಿಗೂ ನಮ್ಮ ಬೆಂಗಳೂರಿಗೂ ಒಂದು ಸಂಬಂಧವುಂಟು. ಲಾರೆನ್ಸನು ಮುಂದೆ ಸೇರಿದ ಕಾರ್ಮೆಲ್ ಸಭೆಯ ಪ್ರಾಗ್ ನಗರದ ಇಗರ್ಜಿಗೆ 1628ರಲ್ಲಿ ಕುಲೀನ ಮನೆತನದ ಹೆಂಗಸೊಬ್ಬಳು ಬಾಲಯೇಸುವಿನ ಒಂದು ಮೇಣದ ಮೂರ್ತಿಯನ್ನು ಕೊಟ್ಟಳು. 1631ರಲ್ಲಿ ಸ್ಯಾಕ್ಸನಿಯ ಸೈನ್ಯವು ಪ್ರಾಗ್ ನಗರವನ್ನು ಹಿಡಿದಾಗ ಮಠವು ಲೂಟಿಯಾಯಿತು. ಮೂರ್ತಿಯು ಕಸದಲ್ಲಿ ಬಿದ್ದಿತು. 1637ರಲ್ಲಿ ಸಿರಿಲ್ ಎಂಬ ಪಾದ್ರಿಯು ಅದನ್ನು ಹುಡುಕಿ ತೆಗೆದಾಗ ಅದರ ಎರಡು ಕೈಗಳೂ ಮುರಿದಿದ್ದವು. ಅದನ್ನು ಸರಿಪಡಿಸಿ ಮತ್ತೆ ಪೂಜೆಗೆ ಇಟ್ಟರು. ಬೆಂಗಳೂರಿನ ವಿವೇಕನಗರದಲ್ಲಿ ಗುರುವಾರಗಳಂದು ಎಲ್ಲ ಮತದ ಜನರೂ ನೆರೆಯುವ ಬಾಲಯೇಸುವಿನ ದೇವಾಲಯಕ್ಕೆ ಮೂಲವಾದುದು ಆ ಪ್ರಾಗ್ ಮೂರ್ತಿಯ ಭಕ್ತಿಯೇ. ಮೂರ್ತಿಯ ಕೈಗಳು ಮುರಿದ ಯುದ್ಧದಲ್ಲಿಯೇ ನಮ್ಮ ಕಥಾನಾಯಕನ ಕಾಲಿಗೂ ಗಾಯವಾದುದು.

ಸಿಪಾಯಿಗಿರಿಯನ್ನು ಬಿಟ್ಟ ಮೇಲೆ ಮನಸ್ಸು ದೇವರ ಕಡೆಗೆ ತಿರುಗಿತು. ಏಕಾಂತದಲ್ಲಿ ತಪಸ್ಸು ಮಾಡಬೇಕೆಂದು ಹೊರಟ ಒಬ್ಬ ದೊಡ್ಡ ಮನುಷ್ಯನ ಜೊತೆ ಸೇರಿ ಆತನೂ ಕೆಲವು ಕಾಲ ಬೈರಾಗಿಯಂತೆ ಇದ್ದು ನೋಡಿದನು. ಆದರೆ ಒಂದು ಗಳಿಗೆ ಸಂತೋಷ, ಮರುಗಳಿಗೆ ದುಃಖ, ಒಮ್ಮೆ ಭಕ್ತಿ, ಒಮ್ಮೆ ಬೇಸರ. ಕೆಲಸವೂ ಕಟ್ಟುನಿಟ್ಟೂ ಇಲ್ಲದ ಆ ಏಕಾಂತದಲ್ಲಿ ಮನಸ್ಸು ನಿಲ್ಲಲಿಲ್ಲ. ಬಿಡುವು ದೊರೆತ ಮಾತ್ರಕ್ಕೆ ಶಾಂತಿಯು ದೊರೆಯುವುದಿಲ್ಲವೆಂಬುದನ್ನು ಆತನು ಸ್ವಾನುಭವದಿಂದ ಕಲಿತುದು ಇಲ್ಲಿಯೇ.

ಆಮೇಲೆ ಹೊಟ್ಟೆಯ ಪಾಡಿಗಾಗಿ ಪ್ಯಾರಿಸಿಗೆ ಹೋಗಿ, ಸರಕಾರದ ಖಜಾನೆಯ ಅಧಿಕಾರಿಯಾದ ಫ್ಯೂಬೆ ಎಂಬವರ ಮನೆಯಲ್ಲಿ ಊಳಿಗಕ್ಕೆ ನಿಂತನು. ಪರಸ್ಥಳಕ್ಕೆ ಹೊಸದಾಗಿ ಬಂದು ದೊಡ್ಡವರ ಮನೆಯಲ್ಲಿ ಕೆಲಸಕ್ಕೆ ನಿಂತ ಹಳ್ಳಿಯ ಹುಡುಗನ ಅವಸ್ಥೆಯನ್ನು ನಮ್ಮ ವಾಚಕರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ದೊಡ್ಡ ಮೈಕಟ್ಟು, ಕುಂಟುಕಾಲು, ಒರಟು ಕೈ. ಹಿಡಿದುದನ್ನೆಲ್ಲ ಒಡೆದುಹಾಕುವ ಮೊದ್ದನಾಗಿದ್ದೆನೆಂದು ಆತನೇ ಮುಂದೆ ನಗುತ್ತ ಹೇಳಿಕೊಳ್ಳುತ್ತಿದ್ದನು.

ಮಠದ ಬಾಗಿಲು

1640ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಆತನು ಪ್ಯಾರಿಸಿನ ವೋಜಿರಾರ್ ಬೀದಿಯಲ್ಲಿದ್ದ ಕಾರ್ಮೆಲ್ ಮಠವನ್ನು ಸೇರಿದನು. 1642ರ ಅಗಸ್ಟ 14ರಂದು ಕೊನೆಯ ದೀಕ್ಷೆಯನ್ನು ಪಡೆದನು. ಮಠದಲ್ಲಿ ಆತನಿಗೆ ಕೊಟ್ಟ ಹೆಸರು ಪುನರುತ್ಥಾನದ ಲಾರೆನ್ಸ್ ಎಂದು. ಸತ್ತಂತಿದ್ದ ಮರವು ಚಿಗುರುವುದನ್ನು ಮನಸ್ಸಿನಲ್ಲಿ ಕಂಡು ನಂಬಿಕೆಯನ್ನು ಪಡೆದವನಿಗೆ ಅದು ಒಪ್ಪುವ ಹೆಸರಾಗಿದ್ದಿತು.

ಈ ಸಭೆಯು ಸ್ಪೇನಿನ ಸಂತ ತೆರೇಸಳೂ ಸಂತ ಯೋವಾನ್ನನೂ 16ನೆಯ ಶತಮಾನದಲ್ಲಿ ಸುಧಾರಿಸಿ ಕಟ್ಟಿದುದು. ಅಡಿಗೆಯ ಪಾತ್ರೆಗಳ ನಡುವೆಯೂ ದೇವರು ಸಂಚರಿಸುತ್ತಾನೆಂದು ತೆರೇಸಳು ತನ್ನ ಸೋದರಿಯರಿಗೆ ಬರೆದು ತಿಳಿಸಿದ್ದಳು. ದಕ್ಷಿಣ ಕನ್ನಡದವರಿಗೂ ಈ ಸಭೆಯು ಹೊಸದಲ್ಲ. 1878ರ ಕೊನೆಯಲ್ಲಿ ಜೆಸ್ವಿತರು ಬರುವವರೆಗೆ ಮಂಗಳೂರಿನ ಕೆಥೊಲಿಕರ ಮೇಲ್ವಿಚಾರಣೆಯನ್ನು ನೋಡಿಕೊಂಡವರು ಕಾರ್ಮೆಲ್ ಸಭೆಯ ಪಾದ್ರಿಗಳೇ.

ಮಠವೆಂದರೆ ಅಲ್ಲಿಯೂ ಅಂತಸ್ತುಗಳಿದ್ದವು. ಲ್ಯಾಟಿನ್ ಕಲಿತವರು ಪಾದ್ರಿಗಳಾಗಿ ಪೂಜೆ, ಪ್ರವಚನ, ಪಠಣಗಳಲ್ಲಿ ನಿರತರಾಗುವರು. ಓದು ಬಾರದವರು ಕೆಲಸದ ಸೋದರರಾಗಿ ಅಡಿಗೆ, ತೋಟ, ಹೊಲಿಗೆ, ಚಾಕರಿಗಳನ್ನು ನೋಡಿಕೊಳ್ಳುವರು. ಲಾರೆನ್ಸನು ಎರಡನೆಯ ವರ್ಗದವನು. ತನ್ನ ಮೊದ್ದುತನಕ್ಕಾಗಿ ಇಲ್ಲಿ ತಕ್ಕ ಶಿಕ್ಷೆಯಾಗಲಿ, ಬಾಳಿನ ಸುಖವನ್ನೆಲ್ಲ ದೇವರಿಗೆ ಒಪ್ಪಿಸಿಬಿಡೋಣವೆಂದು ಆತನು ಬಂದಿದ್ದನು. ಕೊನೆಗೆ ಸಿಕ್ಕಿದ್ದು ಸಂತೋಷ. ಆದುದರಿಂದ ದೇವರು ತನ್ನನ್ನು ಮೋಸಗೊಳಿಸಿದನೆಂದು ಆತನು ವಿನೋದವಾಗಿ ಹೇಳುತ್ತಿದ್ದುದುಂಟು.

ಆದರೆ ಆ ಸಂತೋಷವು ಬೇಗನೆ ಬರಲಿಲ್ಲ.

ಹತ್ತು ವರ್ಷಗಳ ಕತ್ತಲು

ಆತನಿಗೆ ಮಠದಲ್ಲಿ ಕೊಟ್ಟುದು ಅಡಿಗೆಯ ಕೆಲಸ. ಅದರ ಮೇಲೆ ಆತನಿಗೆ ಹುಟ್ಟಾ ಜುಗುಪ್ಸೆ. ಬೇಡವಾದ ಕೆಲಸವನ್ನು ದಿನಕ್ಕೆ ದಿನ, ವರ್ಷಕ್ಕೆ ವರ್ಷ ಮಾಡುವುದು ಎಂಥದೆಂಬುದನ್ನು ಬಲ್ಲವರೇ ಬಲ್ಲರು. ಕಾರ್ಮೆಲ್ ಸಭೆಯ ನಿಯಮದಂತೆ ಮಾಂಸವು ರೋಗಿಗಳಿಗಲ್ಲದೆ ಉಳಿದವರಿಗೆ ವರ್ಜ್ಯ. ಸೆಪ್ಟೆಂಬರ 14ರಿಂದ ಈಸ್ಟರ್ ಹಬ್ಬದವರೆಗೆ ಭಾನುವಾರಗಳನ್ನು ಬಿಟ್ಟು ಉಪವಾಸದ ದಿನಗಳು. ಇಷ್ಟು ಕಟ್ಟಳೆಗಳ ಒಳಗೆ ಒಂದು ದೊಡ್ಡ ಮಠದ ಜನರಿಗೆಲ್ಲ ಹೊತ್ತು ಹೊತ್ತಿಗೆ ಉಣಬಡಿಸಬೇಕು. ಸೌದೆಯ ಒಲೆ, ಹೊಗೆ, ಬಾವಿಯಿಂದ ಹೊತ್ತ ನೀರು, ಅದರ ಮೇಲೆ ನೋಯುವ ಕಾಲು. ಹಬ್ಬ ಬಂದರೆ ಇತರರಿಗೆ ಪೂಜೆಯ ಸಂಭ್ರಮ, ಅಡಿಗೆಯವನಿಗೆ ಪಾತ್ರೆಗಳ ರಾಶಿ. ಈ ಮಾತು ಯಾವ ಶತಮಾನದಲ್ಲಿಯೂ ಯಾವ ದೇಶದಲ್ಲಿಯೂ ಬದಲಾದುದಲ್ಲ.

ಹೊರಗಿನ ಕಷ್ಟಕ್ಕಿಂತ ಒಳಗಿನದು ದೊಡ್ಡದಾಗಿದ್ದಿತು. ಸುಮಾರು ಹತ್ತು ವರ್ಷಗಳ ಕಾಲ ಆತನ ಮನಸ್ಸು ಘೋರವಾದ ತಳಮಳದಲ್ಲಿ ಬೆಂದಿತು. ಸಿಪಾಯಿಯಾಗಿದ್ದಾಗ ಮಾಡಿದ ಪಾಪಗಳು ಕಣ್ಣ ಮುಂದೆ ಬಂದು ನಿಲ್ಲುವುವು. ತಾನು ದೇವರಿಗೆ ಬೇಡವಾದವನು, ತನಗೆ ಮುಕ್ತಿಯಿಲ್ಲ ಎಂಬ ಭಯವು ಹಗಲಿರುಳೂ ಕಾಡುವುದು. ಮನುಷ್ಯರು, ತನ್ನ ಬುದ್ಧಿ, ದೇವರು ಎಲ್ಲರೂ ತನಗೆ ಎದುರಾಗಿ ನಿಂತಂತೆ ಕಾಣುವುದು. ನಂಬಿಕೆಯೊಂದು ಮಾತ್ರ ಆತನ ಪಕ್ಷದಲ್ಲಿ ಉಳಿದಿದ್ದಿತು. ಪುಸ್ತಕಗಳಲ್ಲಿ ಹೇಳಿದ ಧ್ಯಾನದ ಕ್ರಮಗಳನ್ನು ಪ್ರಯತ್ನಿಸಿ ನೋಡಿದರೆ ಅವು ಆತನಿಗೆ ಹಿಡಿಸಲಿಲ್ಲ. ಪ್ರಾರ್ಥನೆಗೆಂದು ಗೊತ್ತುಮಾಡಿದ ಹೊತ್ತು ಅತ್ತಿತ್ತ ಓಡುವ ಮನಸ್ಸನ್ನು ಹಿಡಿದು ತರುವುದರಲ್ಲಿಯೇ ಕಳೆದುಹೋಗುತ್ತಿದ್ದಿತು.

ಈ ಹತ್ತು ವರ್ಷಗಳನ್ನು ನಾವು ಸುಮ್ಮನೆ ದಾಟಿಹೋಗಬಾರದು. ಸಂತರ ಕಥೆಗಳನ್ನು ಓದುವಾಗ ಅವರು ಹುಟ್ಟುತ್ತಲೇ ಶಾಂತರಾಗಿದ್ದರೆಂದು ತಿಳಿದು, ನಮ್ಮಿಂದ ಇದು ಆಗದ ಮಾತೆಂದು ಪುಸ್ತಕವನ್ನು ಮುಚ್ಚುವುದು ನಮ್ಮೆಲ್ಲರ ವಾಡಿಕೆ. ಲಾರೆನ್ಸನು ಒಲೆಯ ಮುಂದೆ ನಿಂತು ಹತ್ತು ವರ್ಷ ಒಳಗೊಳಗೇ ನರಳಿದವನು.

ಬಿಡುಗಡೆಯು ಬಂದುದು ಆತನು ಹೋರಾಟವನ್ನು ಬಿಟ್ಟಾಗ. ಬಾಳಿನ ಕೊನೆಯವರೆಗೂ ಈ ಸಂಕಟವೇ ತನ್ನ ಪಾಲಿಗೆ ಬಂದುದಾದರೆ ಹಾಗೆಯೇ ಆಗಲಿ, ದೇವರ ಮೇಲಿನ ಪ್ರೀತಿಗಾಗಿ ಅದನ್ನೂ ಸಹಿಸುವೆನೆಂದು ಆತನು ನಿಶ್ಚಯಿಸಿದನು. ಹಾಗೆ ನಿಶ್ಚಯಿಸಿದ ಮೇಲೆ ಒಮ್ಮಿಂದೊಮ್ಮೆಲೇ ತಾನು ಬದಲಾಗಿರುವುದನ್ನು ಕಂಡುಕೊಂಡನು. ಅದುವರೆಗೆ ಕಲಕಿದ್ದ ಮನಸ್ಸು ತನ್ನ ಮನೆಯನ್ನು ತಾನು ಸೇರಿದಂತೆ ನಿಂತಿತು. ಮುಂದಿನ ನಾಲ್ವತ್ತು ವರ್ಷಗಳಲ್ಲಿ ಆ ಶಾಂತಿಯು ಆತನನ್ನು ಬಿಟ್ಟುಹೋಗಲಿಲ್ಲ.

ಒಲೆಯ ಮುಂದಿನ ಸಾಧನೆ

ಆತನ ಸಾಧನೆಯು ಬಹಳ ಸರಳವಾದುದು. ದೇವರು ತನ್ನ ಬಳಿಯಲ್ಲಿಯೇ ಇರುವನೆಂದು ನೆನೆಯುವುದು, ಆತನೊಡನೆ ಮನಸ್ಸಿನಲ್ಲಿಯೇ ಎರಡು ಮಾತನಾಡುವುದು, ಮರೆತರೆ ಮತ್ತೆ ನೆನೆಯುವುದು. ಇಷ್ಟೇ. ಕೆಲಸಕ್ಕೆ ಮೊದಲು ಒಂದು ಸಣ್ಣ ಬಿನ್ನಹ, ಕೆಲಸದ ನಡುವೆ ಒಂದು ನೆನಪು, ಕೆಲಸ ಮುಗಿದ ಮೇಲೆ ನಡೆದುದರ ವಿಚಾರಣೆ. ಚೆನ್ನಾಗಿ ನಡೆದಿದ್ದರೆ ಕೃತಜ್ಞತೆಯನ್ನು ಸಲ್ಲಿಸುವನು. ತಪ್ಪಿದ್ದರೆ ಕ್ಷಮೆಯನ್ನು ಬೇಡಿ, ತನ್ನಷ್ಟಕ್ಕೆ ಬಿಟ್ಟರೆ ತನ್ನಿಂದ ಇಂಥದೇ ಆಗುವುದೆಂದು ದೇವರೊಡನೆ ಒಪ್ಪಿಕೊಂಡು, ಆ ತಪ್ಪಿನ ಚಿಂತೆಯನ್ನು ಅಲ್ಲಿಗೇ ಬಿಟ್ಟು ಮುಂದಿನ ಕೆಲಸಕ್ಕೆ ಕೈಹಾಕುವನು.

ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚಿಹಾಕುವಾಗ ಅದನ್ನು ದೇವರ ಮೇಲಿನ ಪ್ರೀತಿಯಿಂದ ಮಗುಚುವನು. ಬೇರೇನೂ ಕೆಲಸವಿಲ್ಲದಿದ್ದರೆ ನೆಲದ ಮೇಲೆ ಬಿದ್ದ ಒಂದು ಕಡ್ಡಿಯನ್ನು ಅದೇ ಪ್ರೀತಿಯಿಂದ ಎತ್ತಿಡುವನು. ದೇವರು ಕೆಲಸದ ದೊಡ್ಡಸ್ತಿಕೆಯನ್ನಲ್ಲ, ಅದರ ಹಿಂದಿನ ಪ್ರೀತಿಯನ್ನು ನೋಡುತ್ತಾನೆಂಬುದು ಆತನ ದೃಢವಾದ ನಂಬುಗೆ. ಅಡಿಗೆಯ ಮನೆಯ ಗದ್ದಲದಲ್ಲಿ ನಾಲ್ಕಾರು ಮಂದಿ ಒಟ್ಟಿಗೆ ಒಂದೊಂದು ಪದಾರ್ಥವನ್ನು ಕೇಳುತ್ತಿರುವಾಗಲೂ ತನ್ನ ಮನಸ್ಸು ದೇವರ ಸನ್ನಿಧಿಯಲ್ಲಿ ಮೊಳಕಾಲೂರಿದಾಗ ಇರುವಷ್ಟೇ ನೆಮ್ಮದಿಯಿಂದಿರುವುದೆಂದು ಆತನು ತಿಳಿಸಿದ್ದನು. ಪ್ರಾರ್ಥನೆಯ ಹೊತ್ತಿಗೂ ಕೆಲಸದ ಹೊತ್ತಿಗೂ ಆತನಿಗೆ ಭೇದವಿರಲಿಲ್ಲ. ಕಾಯಕದ ತತ್ವವನ್ನು ಸಾರಿದ ಶರಣರ ನಾಡಿನಿಂದ ಬಂದ ನಮಗೆ ಈ ಮಾತು ದೂರದ್ದೆನಿಸಲಾರದು.

ಹೀಗೆ ಹದಿನೈದು ವರ್ಷಗಳು ಅಡಿಗೆಯ ಮನೆಯಲ್ಲಿ ಕಳೆದವು. ನಡುನಡುವೆ ಮಠದ ದ್ರಾಕ್ಷಾರಸವನ್ನು ಕೊಂಡುತರಲು ಆತನನ್ನು ಓವೆರ್ನ್ ಪ್ರಾಂತಕ್ಕೆ ಒಮ್ಮೆ, ಬರ್ಗಂಡಿಗೆ ಒಮ್ಮೆ ಕಳುಹಿಸಿದರು. ವ್ಯಾಪಾರದ ಜಾಣತನ ಆತನಲ್ಲಿ ಇರಲಿಲ್ಲ. ದೋಣಿಯಲ್ಲಿ ಕುಂಟುಕಾಲಿನಿಂದ ನಡೆಯಲಾರದೆ ಪೀಪಾಯಿಗಳ ಮೇಲೆ ಉರುಳುತ್ತ ಅತ್ತಿತ್ತ ಹೋಗಬೇಕಾಯಿತು. ಇದು ನಿನ್ನ ಕೆಲಸ ಎಂದು ದೇವರಿಗೆ ಒಪ್ಪಿಸಿ ಆತನು ಹೊರಟನು. ವ್ಯವಹಾರವೂ ನೆಟ್ಟಗೆ ಮುಗಿಯಿತು.

ಕಾಲಿನ ನೋವು ಹೆಚ್ಚಾದ ಮೇಲೆ ಕುಳಿತು ಮಾಡುವ ಕೆಲಸವನ್ನು ಕೊಡಬೇಕಾಗಿ ಬಂದಿತು. ಮಠದವರ ಪಾದರಕ್ಷೆಗಳನ್ನು ಹೊಲಿಯುವ ಶಾಲೆಯಲ್ಲಿ ಕುಳ್ಳಿರಿಸಿದರು. ಆ ಕೆಲಸವು ಆತನಿಗೆ ಹಿಡಿಸಿತು. ಆದರೂ ಬಿಡೆಂದರೆ ಅದನ್ನೂ ಬಿಡಲು ಸಿದ್ಧನಾಗಿದ್ದನು.

ದೊಡ್ಡವರು ಬಂದು ಕೇಳಿದರು

ಒಲೆಯ ಬಳಿಯ ಬೆಳಕು ಬಹುಕಾಲ ಮರೆಯಾಗಿ ಉಳಿಯಲಿಲ್ಲ. 1666ರ ಅಗಸ್ಟ 3ರಂದು ಜೊಸೆಫ್ ದ ಬೊಫೋರ್ ಎಂಬ ವಿದ್ವಾಂಸ ಪಾದ್ರಿಯು ಆತನನ್ನು ಕಂಡು ಮಾತನಾಡಿದನು. ಮುಂದೆಯೂ ಹಲವು ಸಲ ಬಂದು ಕೇಳಿದುದನ್ನು ಬರೆದಿಟ್ಟುಕೊಂಡನು. ಮುಂದೆ ಆರ್ಚ್‌ಬಿಷಪರಾಗಿ ಪ್ರಖ್ಯಾತರಾದ ಫೆನೆಲೋನರು ಲಾರೆನ್ಸನು ಕಾಯಿಲೆಯಿಂದ ಮಲಗಿದ್ದಾಗ ಬಂದು ನೋಡಿದರು. ಅಷ್ಟು ನೋವಿನಲ್ಲಿಯೂ ಆತನು ನಗುನಗುತ್ತಿದ್ದುದನ್ನು ಕಂಡು ಬೆರಗಾದರು. ಸಂನ್ಯಾಸಿನಿಯರೂ ಗೃಹಸ್ಥರೂ ಪತ್ರ ಬರೆದು ಸಲಹೆ ಕೇಳುತ್ತಿದ್ದರು. ಆತನು ಬರೆದ ಉತ್ತರಗಳಲ್ಲಿ ಹದಿನಾರು ಇಂದಿಗೂ ಉಳಿದಿವೆ. ಅವುಗಳಲ್ಲಿ ಒಂದು ಸೈನ್ಯದಲ್ಲಿದ್ದ ಒಬ್ಬ ತರುಣನಿಗೆ ಸಂಬಂಧಪಟ್ಟುದು. ಕತ್ತಿ ಹಿಡಿದು ದಂಡಿನೊಡನೆ ನಡೆಯುತ್ತಿರುವಾಗಲೂ ಒಂದು ಗಳಿಗೆ ಮನಸ್ಸನ್ನು ಮೇಲೆತ್ತಿದರೆ ಸಾಕು, ಅದೇ ಪ್ರಾರ್ಥನೆ ಎಂಬುದು ಹಳೆಯ ಸಿಪಾಯಿಯಾದ ಲಾರೆನ್ಸನ ಸಲಹೆ.

ಕೊನೆಯ ವರ್ಷಗಳು ಕಾಲಿನ ಹುಣ್ಣಿನ ಯಾತನೆಯಲ್ಲಿ ಕಳೆದವು. 1691ರ ಫೆಬ್ರವರಿ 12ರಂದು, ಸುಮಾರು ಎಪ್ಪತ್ತೇಳರ ವಯಸ್ಸಿನಲ್ಲಿ, ಆತನು ಶಾಂತವಾಗಿ ಕಣ್ಣು ಮುಚ್ಚಿದನು. ಮರುವರ್ಷ, 1692ರಲ್ಲಿ, ಬೊಫೋರನು ಆತನ ಪತ್ರಗಳನ್ನೂ ನೀತಿಗಳನ್ನೂ ಅಚ್ಚು ಹಾಕಿಸಿದನು. 1694ರಲ್ಲಿ ಸಂಭಾಷಣೆಗಳ ಸಾರವೂ ಹೊರಬಿದ್ದಿತು. ಅಷ್ಟರಲ್ಲಿಯೇ ಫ್ರಾನ್ಸಿನ ಧರ್ಮಸಭೆಯಲ್ಲಿ ಮೌನಧ್ಯಾನದ ವಿಷಯವಾಗಿ ದೊಡ್ಡ ವಾದವೆದ್ದು, 1699ರಲ್ಲಿ ಫೆನೆಲೋನರ ಗ್ರಂಥವನ್ನು ಪೋಪರು ಖಂಡಿಸಿದರು. ಫೆನೆಲೋನರು ಮೆಚ್ಚಿದ ಅಡಿಗೆಯವನ ಪುಸ್ತಕವೂ ಸಂಶಯಕ್ಕೆ ಒಳಗಾಗಿ ಮೂಲೆಗೆ ಬಿದ್ದಿತು. ಅದನ್ನು ಕಾಪಾಡಿದವರು ಪ್ರೊಟೆಸ್ಟೆಂಟರು. ಹಾಲೆಂಡಿನಲ್ಲಿದ್ದ ಪಿಯೆರ್ ಪ್ವಾರೆಯು ಅದನ್ನು ಮತ್ತೆ ಅಚ್ಚು ಮಾಡಿಸಿದನು. ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿಯು ತನ್ನ ಗ್ರಂಥಮಾಲೆಯಲ್ಲಿ ಅದಕ್ಕೆ ಸ್ಥಳ ಕೊಟ್ಟನು. ಇಂದು ಆ ಸಣ್ಣ ಪುಸ್ತಕವನ್ನು ಕ್ರೈಸ್ತರ ಎಲ್ಲ ಪಂಗಡಗಳವರೂ ಓದುತ್ತಾರೆ. ಲಾರೆನ್ಸನಿಗೆ ಧರ್ಮಸಭೆಯು ಸಂತ ಪದವಿಯನ್ನು ಕೊಟ್ಟಿಲ್ಲ. ಆತನು ದುಡಿದ ಮಠದಲ್ಲಿ ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1792ರ ಸೆಪ್ಟೆಂಬರದಲ್ಲಿ, ನೂರಕ್ಕೂ ಹೆಚ್ಚು ಧರ್ಮಾಧಿಕಾರಿಗಳ ಕೊಲೆಯಾಯಿತು. ಆ ಸ್ಥಳದಲ್ಲಿ ಈಗ ಕೆಥೊಲಿಕ್ ವಿದ್ಯಾಪೀಠವಿದೆ. ಹಳೆಯ ಇಗರ್ಜಿಯು ಇನ್ನೂ ನಿಂತಿದೆ.

ನಾವು ಇದರಿಂದ ತೆಗೆದುಕೊಳ್ಳಬೇಕಾದುದು

ಈ ಕಥೆಯನ್ನು ಹೇಳುವಾಗ ಒಂದು ಆಕ್ಷೇಪಣೆಗೆ ನಾವು ಉತ್ತರ ಕೊಡಬೇಕು. ದುಡಿಯುವವನು ದೂರದೆ ದುಡಿಯಲಿ, ದೇವರನ್ನು ನೆನೆಯುತ್ತ ತೃಪ್ತನಾಗಿರಲಿ ಎಂಬ ವೇದಾಂತವು ದುಡಿಸಿಕೊಳ್ಳುವವರಿಗೆ ಬಹು ಅನುಕೂಲವಾದುದಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದು. ಲಾರೆನ್ಸನು ಆ ಬಾಳನ್ನು ತಾನಾಗಿಯೇ ಆರಿಸಿಕೊಂಡವನು. ಸಂನ್ಯಾಸಿಯಾದ ಆತನ ಮೇಲೆ ಮನೆಯನ್ನು ಸಾಕುವ ಭಾರವಿರಲಿಲ್ಲ. ಕಾಲು ಸೋತಾಗ ಮಠವು ಆತನನ್ನು ಹೊರಗೆ ಹಾಕಲಿಲ್ಲ, ಕುಳಿತು ಮಾಡುವ ಕೆಲಸವನ್ನು ಕೊಟ್ಟಿತು. ನಮ್ಮ ಹೋಟೆಲು ಬಂಧುವಿನ ಸ್ಥಿತಿಯು ಹಾಗಲ್ಲ. ತಕ್ಕ ಸಂಬಳ, ವಾರದ ರಜೆ, ಮಲಗಲು ಗಾಳಿಯಾಡುವ ಸ್ಥಳ ಇವುಗಳನ್ನು ಕೇಳಿ ಪಡೆಯುವುದು ಆತನ ಹಕ್ಕು. ಹಬ್ಬದ ರಾತ್ರಿಯಲ್ಲಿ ಎರಡು ತಾಸಿನ ಬಿಡುವನ್ನು ಕೇಳುವುದೂ ಅಷ್ಟೇ ನ್ಯಾಯವಾದುದು. ಸಂತನೊಬ್ಬನ ತಾಳ್ಮೆಯನ್ನು ಮುಂದೆ ಮಾಡಿ ಆ ಹಕ್ಕನ್ನು ಕಿತ್ತುಕೊಳ್ಳುವವರು ಸಂತನಿಗೂ ದ್ರೋಹ ಮಾಡುತ್ತಾರೆ.

ಆದರೆ ಹಕ್ಕಿನ ಬಿಡುವು ದೊರೆಯುವವರೆಗೆ ಮನಸ್ಸನ್ನು ಕುದಿಯಲು ಬಿಡಬೇಕೇ ಎಂಬುದು ಬೇರೆ ಪ್ರಶ್ನೆ. ಬಿಡುವು ಸಿಕ್ಕಿದಾಗಲೂ ಶಾಂತಿಯು ಸಿಕ್ಕದೆ ಹೋದ ಅನುಭವವು ಲಾರೆನ್ಸನಿಗೆ ಇದ್ದಿತು. ರಜೆಯ ದಿನ ಕೋಣೆಯಲ್ಲಿ ಒಬ್ಬಂಟಿಯಾಗಿ ಮಲಗಿ ಸೂರನ್ನು ನೋಡಿದ ನಮ್ಮಲ್ಲಿ ಅನೇಕರಿಗೂ ಇದೆ. ಒಲೆಯ ಮುಂದೆಯೂ ಮೇಜಿನ ಮುಂದೆಯೂ ಮನುಷ್ಯನ ಕೈ ಕಾಲುಗಳನ್ನು ಮಾತ್ರ ಇನ್ನೊಬ್ಬರು ಕೊಂಡುಕೊಂಡಿರುತ್ತಾರೆ, ಮನಸ್ಸನ್ನಲ್ಲ. ಮನಸ್ಸನ್ನು ಯಾರಿಗೆ ಒಪ್ಪಿಸಬೇಕೆಂಬ ಸ್ವಾತಂತ್ರ್ಯವು ಅಡಿಗೆಯವನಲ್ಲಿಯೇ ಉಳಿದಿದೆ. ಲಾರೆನ್ಸನು ಆ ಸ್ವಾತಂತ್ರ್ಯವನ್ನು ಪೂರ್ತಿಯಾಗಿ ಉಪಯೋಗಿಸಿಕೊಂಡನು.

ಈ ಸಲ 24ನೆಯ ತಾರೀಖಿನ ರಾತ್ರಿ ಇಗರ್ಜಿಯ ಗಂಟೆಯು ಕೇಳಿಸಿದಾಗ ಕೈಯಲ್ಲಿ ಸಟ್ಟುಗವನ್ನು ಹಿಡಿದು ನಿಂತಿರುವ ಕ್ರೈಸ್ತ ಬಂಧುವು ತನ್ನನ್ನು ಹಬ್ಬದಿಂದ ಹೊರಗಾದವನೆಂದು ಎಣಿಸಬೇಕಾಗಿಲ್ಲ. ಗೋದಲಿಯ ಕೂಸನ್ನು ಒಂದು ಗಳಿಗೆ ನೆನೆದು, ಮುಂದಿನ ದೋಸೆಯನ್ನು ಆ ಕೂಸಿಗೆಂದೇ ಹುಯ್ದರೆ, ಮುನ್ನೂರೈವತ್ತು ವರ್ಷಗಳ ಹಿಂದಿನ ಆ ಕುಂಟ ಅಡಿಗೆಯವನು ಮಾಡಿದುದನ್ನೇ ಆತನೂ ಮಾಡಿದಂತಾಯಿತು. ಮರುದಿನ ಬೆಳಿಗ್ಗೆ ಒಂದು ತಾಸು ಬಿಡುವು ಸಿಕ್ಕಿದರೆ ಇಗರ್ಜಿಗೂ ಹೋಗಿ ಬರಲಿ. ಊರಿನ ತಾಯಿಗೆ ಫೋನು ಮಾಡುವುದನ್ನೂ ಮರೆಯದಿರಲಿ. ಅವನ ಪಕ್ಕದಲ್ಲಿ ಕೆಲಸ ಮಾಡುವ ಅನ್ಯಮತದ ಗೆಳೆಯರು ಆ ಒಂದು ತಾಸಿನ ಕೆಲಸವನ್ನು ತಾವು ಹೊತ್ತುಕೊಂಡರೆ ಅವರಿಗೂ ಈ ಹಬ್ಬದಲ್ಲಿ ಪಾಲು ಬಂದಂತೆಯೇ.

ಎಲ್ಲ ವಾಚಕ ಬಂಧುಗಳಿಗೂ ಕ್ರಿಸ್ತ ಜಯಂತಿಯ ಶುಭವನ್ನು ಕೋರುತ್ತೇವೆ.